ಬಡಗಣ ದಿಕ್ಕಿನ ಚಿಗವ್ವ

ಅಪ್ಪನದು ಊರೂರು ತಿರುಗುವ ನೌಕರಿ. ಹಾಗಾಗಿ ನಾವು ಹಿರೇಕೆರೂರಿನ ಅಜ್ಜನ ಮನೆಯಲ್ಲೇ ಬೆಳೆದೆವು. ಅಲ್ಲಿ ಕಥೆ ಹೇಳುವವಳು ಚಿಗವ್ವ, ಅವ್ವನ ತಂಗಿ. ಆಕೆಗಿನ್ನೂ ಮದುವೆಯಾಗಿರಲಿಲ್ಲ. ಯಾವ ಕಥೆಯಾದರೂ ಒಬ್ಬ ರಾಜಕುಮಾರ ಕಾಡಿಗೆ ಹೊರಡಲೇಬೇಕು. ಕಾಡಿನ ಅಂಚಿನ ಗುಡಿಸಲಲ್ಲಿ ಒಬ್ಬ ಮುದುಕಿ ಇರಲೇಬೇಕು.

"ಮೂರು ದಿಕ್ಕಿಗೆ ಹೋಗಪಾ ಮಗನ, ಬಡಗಣ ದಿಕ್ಕಿಗೆ ಮಾತ್ರ ಹೋಗಬ್ಯಾಡ. ಹಿಡದ ದಾರಿ ಬಿಡಬ್ಯಾಡ. ಯಾರರ ಕರದ್ರ ಹೊಳ್ಳಿ ನೋಡಬ್ಯಾಡ."

ಇಲ್ಲಿಗೆ ಬಂದಾಗ ಚಿಗವ್ವ ದನಿ ತಗ್ಗಿಸುತ್ತಿದ್ದಳು. ನಾನು ಆಕೆಯ ಸೆರಗು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಆಕೆಯನ್ನು ಹಾನಗಲ್ಲಿಗೆ ಕೊಟ್ಟರು. ಗಂಡ ಹೊಡೆಯುತ್ತಿದ್ದ ಅನ್ನುವುದು ನಮಗೆ ಬಹಳ ಕಾಲ ಗೊತ್ತಾಗಲಿಲ್ಲ. ಒಂದು ದಿನ ಉಟ್ಟ ಸೀರೆಯಲ್ಲೇ ಬಂದು ಅಂಗಳದಲ್ಲಿ ನಿಂತಳು. "ಕೊಟ್ಟ ಮನಿ ಬಿಟ್ಟು ಬಂದಾಕಿಗೆ ಇಲ್ಲಿ ಜಾಗಾ ಇಲ್ಲ" ಅಂದ ಅಜ್ಜ. ಅವ್ವ ಬಾಗಿಲ ಹಿಂದೆಯೇ ನಿಂತಿದ್ದಳು, ಹೊರಗೆ ಬರಲಿಲ್ಲ. ಚಿಗವ್ವ ನೀರು ಕುಡಿದು ಹೋದಳು. ಬಂಕಾಪುರದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು ಜೋಳದ ರೊಟ್ಟಿ ಬಡಿದು ಮಾರತೊಡಗಿದಳು ಎಂಬ ಸುದ್ದಿ ಆಮೇಲೆ ಬಂತು. ಬಂಕಾಪುರ ನಮ್ಮೂರಿಗೆ ಬಡಗಣ ದಿಕ್ಕೇ. ನಾನು ಎದುರು ಮಾತಾಡಿದರೆ ಸಾಕು, "ಚಿಗವ್ವನ ಗತಿ ಆಗತೈತಿ ನೋಡು" ಅನ್ನುತ್ತಿದ್ದರು ಮನೆಯವರು. ನನ್ನನ್ನು ಹೆದರಿಸಲು ಅವರಿಗೆ ಬೇರೆ ಕಥೆ ಬೇಕಾಗಲಿಲ್ಲ.

ನಾನು ದಾರಿ ಬಿಡಲಿಲ್ಲ. ಓದು ಅಂದದ್ದು ಓದಿದೆ, ತೋರಿಸಿದ ವರನನ್ನು ಮದುವೆಯಾದೆ, ಸವಣೂರಿನ ಶಾಲೆಯಲ್ಲಿ ಮಾಸ್ತರಿಕೆ ಹಿಡಿದೆ. ಗಂಡ ಒಳ್ಳೆಯವನೇ. ಆದರೂ ಮನೆ, ಶಾಲೆ, ಅದರ ಮೇಲೆ ಗಣತಿ, ಚುನಾವಣೆ ಎಂದು ಸರ್ಕಾರದ ಕೆಲಸ ಮುಗಿಯುವ ಹೊತ್ತಿಗೆ ಮಾತಾಡಲೂ ತ್ರಾಣ ಇರುತ್ತಿರಲಿಲ್ಲ. ಬಂಕಾಪುರ ಹತ್ತಿರವೇ ಆದದ್ದರಿಂದ ಅವ್ವನಿಗೆ ಹೇಳದೆ ಆಗಾಗ ಚಿಗವ್ವನಲ್ಲಿಗೆ ಹೋಗಿಬರುತ್ತಿದ್ದೆ.

ಈ ಮಳೆಗಾಲದಲ್ಲಿ ಆಕೆಯ ಪಕ್ಕದ ಮನೆಯ ಬೀಬಿ ಫೋನ್ ಮಾಡಿದರು. "ನಿಮ್ಮ ಚಿಗವ್ವ ಬಚ್ಚಲದಾಗ ಜಾರಿ ಬಿದ್ದಾರ್ರಿ. ದವಾಖಾನಿಗೆ ಕರ್ಕೊಂಡು ಹೋಗಿದ್ವಿ, ಕೈ ಮುರದೈತಿ. ಜಲ್ದಿ ಬರ್ರಿ."

ಹೋಗಿ ನೋಡಿದರೆ ಬಲಗೈಗೆ ಮೊಣಕೈತನಕ ಪ್ಲಾಸ್ಟರ್. ಚಿಗವ್ವನ ಚಿಂತೆ ಕೈಯದಲ್ಲ, ರೊಟ್ಟಿಯದು. ಯಾರದೋ ಮದುವೆಗೆ ರೊಟ್ಟಿ ಮಾಡಿಕೊಡಲು ಒಪ್ಪಿಕೊಂಡಿದ್ದಳು. ಶಾಲೆಗೆ ರಜೆ ಹಾಕಿ ನಾನೇ ಒಲೆ ಮುಂದೆ ಕುಳಿತೆ. ಆಕೆ ಎಡಗೈಯಿಂದ ಹಿಟ್ಟು ಮುಂದೆ ಸರಿಸುತ್ತಿದ್ದಳು, ನಾನು ಬಡಿಯುತ್ತಿದ್ದೆ. ಸಂಜೆಗೆ ನನ್ನ ರಟ್ಟೆ ಬಿದ್ದುಹೋದವು. ಹಿಟ್ಟಿನ ಚೀಲಕ್ಕೆ ಒರಗಿ ಕೇಳಿದೆ:

"ಚಿಗವ್ವ, ಇಷ್ಟು ವರ್ಷ ಹೆಂಗ ಮಾಡಿದಿ ಇದನ್ನ? ಈ ದಿಕ್ಕಿಗೆ ಬಂದು ನಿನಗ ಏನ್ ಸಿಕ್ತು?"

"ಏನ್ ಸಿಗತೈತಿ? ಅರಮನಿ ಇರಲಿಲ್ಲ, ರಾಕ್ಷಸನೂ ಇರಲಿಲ್ಲ. ಕೆಲಸ ಇತ್ತು. ದಣಿವು ಅಲ್ಲೂ ಇತ್ತು, ಇಲ್ಲೂ ಐತಿ. ಇಲ್ಲಿ ಬಾಗಲಾ ಹಾಕ್ಕೊಂಡು ಮಲಗತೇನಿ, ಅಷ್ಟ."

ಎಡಗೈಯಿಂದ ಒಲೆಯ ಕೆಂಡ ಸರಿಸುತ್ತ ತಾನೇ ಅಂದಳು: "ಕಥ್ಯಾಗಿನ ಆ ಮುದುಕಿ ಇದ್ದಳಲ್ಲ, ಆಕೀನೂ ಯಾವಾಗರ ಆ ದಿಕ್ಕಿಗೆ ಹೋಗಿ ಬಂದಿರಬೇಕು. ಇಲ್ಲಾಂದ್ರ ಆಕಿಗೆ ಹೆಂಗ ಗೊತ್ತು, ಅಲ್ಲೇನೈತಿ ಅಂತ? ನಾ ಆ ಕಥಿ ಇಷ್ಟು ಸಲ ಹೇಳೇನಿ, ಒಮ್ಮೆನೂ ಆಕೀ ಬಗ್ಗೆ ವಿಚಾರ ಮಾಡಿದ್ದಿಲ್ಲ."

ನಾನು ಎದ್ದು ಕೈ ತೊಳೆದೆ. ಹೊರಗೆ ಹೋಗಿ ಅವ್ವನಿಗೆ ಫೋನ್ ಹಚ್ಚಿ, ಎಲ್ಲಿದ್ದೇನೆ, ಏನಾಗಿದೆ ಎಂದು ಹೇಳಿದೆ. ಅವ್ವ ಕೇಳಿದ್ದು ಒಂದೇ:

"ಎಡಗೈಯೋ, ಬಲಗೈಯೋ?"

"ಬಲಗೈ, ಅವ್ವಾ."

ಫೋನ್ ಇಟ್ಟಳು.

ರವಿವಾರ ಮಧ್ಯಾಹ್ನ ಖೋಲಿಯ ಬಾಗಿಲಲ್ಲಿ ನೆರಳು ಬಿತ್ತು. ಅವ್ವ ಒಂದು ಕೈಚೀಲ ಹಿಡಿದು ನಿಂತಿದ್ದಳು. ಅಜ್ಜ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು, ಆದರೂ ಆಕೆ ಇಲ್ಲಿಗೆ ಬಂದದ್ದು ಅದೇ ಮೊದಲು. ಬಸ್ಸಿನಲ್ಲಿ ನಿಂತು ಬಂದಳೋ ಏನೋ, ಕಾಲು ಊದಿದ್ದವು.

"ಬಾ ಅಕ್ಕಾ, ಕುಂದ್ರು" ಅಂದಳು ಚಿಗವ್ವ, ನಿನ್ನೆ ಬಂದು ಹೋದವರಿಗೆ ಅಂದಂತೆ.

ಅವ್ವ ತಂಗಿಯ ಪ್ಲಾಸ್ಟರನ್ನೊಮ್ಮೆ ನೋಡಿದಳು. ಕಣ್ಣಿಗೆ ಸೆರಗು ಒತ್ತಿಕೊಂಡು, ಕೈಕಾಲು ತೊಳೆದು ಬಂದು, ನನ್ನನ್ನು ಭುಜದಿಂದ ಆಚೆ ನೂಕಿದಳು. "ಅತ್ಲಾಗ ಸರಿ, ನಿನ್ನ ರೊಟ್ಟಿ ದಪ್ಪ ಆಗಾಕತ್ತಾವ."

ನಾನು ಗೋಡೆ ಬದಿಗೆ ಹೋಗಿ ಅಡ್ಡಾದೆ. ಅಕ್ಕ ತಂಗಿ ಹಳೆಯದೇನಾದರೂ ಎತ್ತಿಯಾರೆಂದು ಕಿವಿಗೊಟ್ಟೆ. ಒಬ್ಬಳು ಹಿಟ್ಟು ಗಟ್ಟಿಯಾಯಿತು ಅಂದಳು, ಇನ್ನೊಬ್ಬಳು ಬಿಸಿನೀರು ಸಾಲಲಿಲ್ಲ ಅಂದಳು. ಅಷ್ಟರಲ್ಲಿ ನನಗೆ ನಿದ್ದೆ ಹತ್ತಿತು.

ಪ್ಲಾಸ್ಟರ್ ತೆಗೆಯುವವರೆಗೂ ಅವ್ವ ಅಲ್ಲೇ ಉಳಿದಳು. ಆಮೇಲೂ ಊರಿಗೆ ಹೊರಡುವ ಮಾತು ತೆಗೆಯಲಿಲ್ಲ, ನಾವೂ ಕೇಳಲಿಲ್ಲ.