ತಾರತಂತ್ರಿ ಸಾರಿಕಾ

ಸೋಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿಗಳ ನಡುವೆ ಗೀಜರ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಮಾರುವ ಒಂದು ಸಣ್ಣ ಅಂಗಡಿ. ಅದರ ಮಾಲಕ ಅವಿನಾಶನಿಗೆ ಕರೆಂಟ್ ಎಂದರೆ ಜೀವಭಯ. ಗಿರಾಕಿಗಳಿಗೆ ಗೀಜರ್ ಚಾಲೂ ಮಾಡಿ ತೋರಿಸುವಾಗ ಸ್ವಿಚ್ಚನ್ನು ಬೆರಳಿನಿಂದ ಮುಟ್ಟದೆ ಪೆನ್ನಿನ ತುದಿಯಿಂದ ಒತ್ತುತ್ತಿದ್ದ. ಮಾರಿದ ಮಾಲು ಕೆಟ್ಟು ವಾಪಸು ಬಂದರೆ ಅದನ್ನು ಬಿಚ್ಚುವವಳು ಅವನ ಹೆಂಡತಿ ಸಾರಿಕಾ.

ಸಾರಿಕಾ ಕಲಿತದ್ದು ಬಿ.ಕಾಂ. ಸ್ಕ್ರೂಡ್ರೈವರ್ ಹಿಡಿದದ್ದು ಮಾತ್ರ ಸಿಟ್ಟಿನಿಂದ. ಅಂಗಡಿಗೆ ಬರುತ್ತಿದ್ದ ಮೆಕ್ಯಾನಿಕ್ ಒಮ್ಮೆ ಹದಿನೈದು ದಿನ ಸತಾಯಿಸಿದಾಗ, ಅವಳೇ ಒಂದು ಗೀಜರ್ ಬಿಚ್ಚಿ, ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಕಾಯಿಲ್ ಬದಲಿಸಿದಳು. ನೀರು ಕಾಯಿತು. ಅಲ್ಲಿಂದ ಹತ್ತು ವರ್ಷ ಅವಳಿಗೆ ಪುರುಸೊತ್ತೇ ಇಲ್ಲ. ಗೀಜರ್ ಇರುವುದು ಬಚ್ಚಲಲ್ಲಿ. ಗುರುತಿಲ್ಲದ ಗಂಡಸನ್ನು ಬಚ್ಚಲತನಕ ಬಿಟ್ಟುಕೊಳ್ಳುವುದಕ್ಕಿಂತ ಅತ್ತಿಗೆಯಂತಿದ್ದ ಸಾರಿಕಾ ವೈನಿಯನ್ನು ಕರೆಯುವುದೇ ಹೆಂಗಸರಿಗೆ ಸರಾಗವಾಗಿತ್ತು.

ಅಕ್ಕಲಕೋಟದಲ್ಲಿ ಅವಿನಾಶನ ದೂರದ ನೆಂಟ ಯೋಗಿರಾಜ ಒಂದು ಯಾತ್ರಿ ನಿವಾಸದ ಮ್ಯಾನೇಜರ್ ಆಗಿದ್ದ. ಅಲ್ಲಿ ಏಳನೇ ನಂಬರಿನ ಕೋಣೆಯ ಗೀಜರ್ ಕೈಕೊಟ್ಟಾಗ ಸಾರಿಕಾ ಹೋಗಿ ಕಾಯಿಲ್ ಹಾಕಿ, ನೀರು ಕಾದದ್ದನ್ನು ನೋಡಿ ಸಂಜೆಯ ಬಸ್ಸಿಗೆ ಸೋಲಾಪುರಕ್ಕೆ ಮರಳಿದಳು. ಮರುದಿನ ಬೆಳಗಿನ ಜಾವಕ್ಕೇ ಯೋಗಿರಾಜನ ಫೋನು.

"ವೈನಿ, ಏನ್ ಮಾಡಿ ಹೋಗೀರಿ? ಏಳನೇ ನಂಬರಿನ ಕಾಕಾ ಬಚ್ಚಲಾ ಬಿಟ್ಟು ಹೊರಗ ಬರವಲ್ಲರು!"

ಬಾರ್ಶಿಯಿಂದ ಬಂದಿದ್ದ ಆ ಯಜಮಾನರು ಮೈಗೆ ಸಾಬೂನು ಹಚ್ಚಿಕೊಂಡು ನಳ ಹಿಡಿದಾಗ ಬೆರಳಿನಿಂದ ಭುಜದತನಕ ಜುಮ್ ಎಂದಿತ್ತು. ಹಿಂದಿನ ದಿನವಷ್ಟೇ ಅಕ್ಕಲಕೋಟದ ಸ್ವಾಮಿಗಳ ದರ್ಶನ ಮಾಡಿದ್ದರು. ಇದು ದರ್ಶನದ ಫಲವೇ ಎಂದು ತಿಳಿದು ಎರಡನೇ ಸಲ ಹಿಡಿದರು, ಮೂರನೇ ಸಲ ಹಿಡಿದರು. ನಾಲ್ಕನೆಯ ಸಲಕ್ಕೆ ಕಣ್ಣುಮುಚ್ಚಿ ಕೈಚಾಚುತ್ತಿದ್ದಾಗ ಯೋಗಿರಾಜ ಮೇನ್ ಸ್ವಿಚ್ಚು ತೆಗೆದ. ಯಜಮಾನರಿಗೆ ಏನೂ ಆಗಲಿಲ್ಲ. ನಡುವೆ ಬಂದು ಕೃಪೆ ತಪ್ಪಿಸಿದನೆಂದು ಯೋಗಿರಾಜನ ಮೇಲೆ ಸಿಟ್ಟಾದರು, ಅಷ್ಟೇ.

ಸಾರಿಕಾ ಅಕ್ಕಲಕೋಟ ಮುಟ್ಟುವ ಹೊತ್ತಿಗೆ ಏಳನೇ ಕೋಣೆಯಲ್ಲಿ ಯೋಗಿರಾಜ ಕರೆಸಿದ್ದ ಸಿದ್ದಣ್ಣ ಇದ್ದರು. ಸೋಲಾಪುರದ ವಿಜಾಪುರ ರಸ್ತೆಯ ಹಳೇ ಎಲೆಕ್ಟ್ರಿಕ್ ಕಾಂಟ್ರಾಕ್ಟರ್, ಲೈಸನ್ಸ್ ಇದ್ದವರು, ಅರವತ್ತು ದಾಟಿದ್ದರೂ ಏಣಿ ಹತ್ತುವವರು. ಬಿಚ್ಚಿಟ್ಟ ಗೀಜರ್ ತೋರಿಸಿ ಕೇಳಿದರು:

"ಇದನ್ನ ಯಾರು ಮಾಡ್ಯಾರ?"

"ನಾನ್ರಿ ಕಾಕಾ," ಎಂದಳು ಸಾರಿಕಾ.

"ಕಾಯಿಲ್ ಚಲೋ ಕೂಡ್ಸೀರಿ. ನೀರೂ ಕಾದಾವ. ಆದ್ರ ಕೂಡೇ ಮನಷ್ಯಾನೂ ಕಾಯೂ ಹಂಗ ಮಾಡೀರಲ್ಲ?"

ಕವರ್ ಕೂಡಿಸುವಾಗ ಒಂದು ವಾಯರಿನ ಸಿಪ್ಪೆ ಸುಲಿದು ಗೀಜರಿನ ಮೈಗೆ ತಾಗಿತ್ತು. ಸಿದ್ದಣ್ಣ ಚೀಲದಿಂದ ಹೋಲ್ಡರಿಗೆ ಹಾಕಿದ ಬಲ್ಬೊಂದನ್ನು ತೆಗೆದು, ಹೋಲ್ಡರಿನ ಎರಡು ವಾಯರುಗಳನ್ನು ಸಾಕೆಟ್ಟಿನ ಕೆಳಗಿನ ಎರಡು ತೂತಿಗೆ ಹಿಡಿದರು. ಬಲ್ಬು ಹೊತ್ತಿತು. ಒಂದು ವಾಯರನ್ನು ಫೇಜಿನಲ್ಲೇ ಬಿಟ್ಟು ಇನ್ನೊಂದನ್ನು ಮೇಲಿನ ದೊಡ್ಡ ತೂತಿಗೆ ಹಿಡಿದರು. ಬಲ್ಬು ಮಿಣಕ್ಕೂ ಎನ್ನಲಿಲ್ಲ.

"ಅರ್ಥಿಂಗೇ ಇಲ್ಲ. ಈ ಮೂರನೇ ತೂತು ಬರೇ ಚಂದಕ್ಕ ಅದ. ನೀವು ಇದನ್ನ ನೋಡಿದ್ರೇನು?"

"ಇಲ್ರಿ. ನೋಡಬೇಕಂತ ಗೊತ್ತೇ ಇರಲಿಲ್ಲ."

"ವಾಯರಿಂಗ್ ಕೆಲಸದ ಪರ್ಮಿಟ್ ಅದ?"

"ಇಲ್ರಿ."

"ಹಂಗಾದ್ರ ಕೈ ಹಚ್ಚೂ ಹಂಗಿಲ್ಲ ನೋಡ್ರಿ. ಪರ್ಮಿಟ್ ಅಂದ್ರ ಗ್ವಾಡಿಗೆ ತೂಗ್ಹಾಕೂ ಫೋಟೋ ಅಲ್ಲ. ಏನು ನೋಡಬೇಕು ಅನ್ನೂದು ಗೊತ್ತದ ಅನ್ನೂ ಖೂನ, ಗುರ್ತು."

ಹತ್ತು ವರ್ಷದಲ್ಲಿ ಎಷ್ಟು ಮನೆಗಳು, ಎಷ್ಟು ಬಚ್ಚಲುಗಳು! ನನ್ನನ್ನು ನಿಮ್ಮ ಕೈಕೆಳಗೆ ಕೆಲಸಕ್ಕಿಟ್ಟುಕೊಳ್ಳುತ್ತೀರಾ ಎಂದು ಸಾರಿಕಾ ಅಲ್ಲಿಯೇ ನಿಂತು ಕೇಳಿದಳು. ಸಿದ್ದಣ್ಣ ಒಂದೇ ಷರತ್ತು ಹಾಕಿದರು: ಮೊದಲು, ಮಾಡಿ ಬಂದ ಗೀಜರ್‌ಗಳನ್ನೆಲ್ಲ ಅವರ ಜೊತೆ ಹೋಗಿ ತಪಾಸಣೆ ಮಾಡಬೇಕು.

ತಪಾಸಣೆ ನಡೆದ ಎರಡು ತಿಂಗಳು ಸೋಲಾಪುರದ ಹೆಂಗಸರಿಗೆ ತಲೆಬುಡ ತಿಳಿಯಲಿಲ್ಲ. "ನಮ್ಮದೇನೂ ಕೆಟ್ಟಿಲ್ಲಲ್ರಿ ವೈನಿ, ಯಾಕ ಬಂದ್ರಿ?" ಎಂದು ಬಾಗಿಲಲ್ಲೇ ಕೇಳುವರು. "ಕೆಡೂದಕ್ಕ ಮೊದಲ ನೋಡಾಕ ಬಂದೀವಿ," ಎನ್ನುವಳು ಸಾರಿಕಾ. ಒಬ್ಬಾಕೆಯಂತೂ, ಇದು ಗೀಜರ್ ಮಾರುವ ಹೊಸ ಯುಕ್ತಿ ಇರಬೇಕೆಂದು ಸರಪಳಿ ತೆಗೆಯಲೇ ಇಲ್ಲ. ಮೂರು ಸಲ ಹೋಗಿ, ಕೊನೆಗೆ ಆಕೆಯ ಅತ್ತೆಯ ಕಡೆಯಿಂದ ಬಾಗಿಲು ತೆಗೆಸಬೇಕಾಯಿತು. ಆ ಮನೆಯ ಅರ್ಥಿಂಗ್ ಮಾತ್ರ ಎಲ್ಲರಿಗಿಂತ ಚೆನ್ನಾಗಿತ್ತು.

ಪರ್ಮಿಟ್ ಪರೀಕ್ಷೆಯ ಅರ್ಜಿ ಮರಾಠಿಯಲ್ಲಿತ್ತು. ಸಾರಿಕಾಳ ಅತ್ತೆ ಪಾರ್ವತಿಬಾಯಿ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು: ತಾರತಂತ್ರಿ.

"ತಂತ್ರಿ? ದಿನಾ ಪೂಜಿ ಮಾಡೂ ಮನ್ಯಾಗ ನಿನಗ ಮಾಟಾ ಮಂತ್ರಾ ಯಾಕ ಬೇಕಾಗ್ಯದ ಯವ್ವಾ?"

"ಅವ್ವಾ, ವಾಯರ್‌ಮನ್‌ಗೆ ಮರಾಠ್ಯಾಗ ಹಂಗಂತಾರ," ಎಂದ ಅವಿನಾಶ.

"ಮನ್ ಅಂದ್ರ ಗಂಡಸಲ್ಲೇನು?"

"ಹೌದಬೇ."

ಪಾರ್ವತಿಬಾಯಿ ಎರಡೂ ಶಬ್ದಗಳನ್ನು ತೂಗಿ ನೋಡಿದರು. "ಹಂಗಾದ್ರ ತಂತ್ರಿನೇ ಇರವಲ್ದ್ಯಾಕ," ಎಂದು ಅರ್ಜಿಯನ್ನು ದೇವರ ಮುಂದಿಟ್ಟರು. ಸಂಜೆಯೊಳಗೆ, ಸೊಸೆ ತಂತ್ರಿಯಾಗುವಳೆಂಬ ಸುದ್ದಿ ಓಣಿಯ ತುಂಬ ಹಬ್ಬಿತು. ಇಬ್ಬರು ಹೆಂಗಸರು ಮಕ್ಕಳ ದೃಷ್ಟಿ ತೆಗೆಸಲು ಬಂದೂ ಹೋದರು.

ಸಿದ್ದಣ್ಣನವರ ಕೈಕೆಳಗೆ ಮೊದಲ ಒಂದು ತಿಂಗಳು ಸಾರಿಕಾಳಿಗೆ ಮೇನ್ ಬಂದ್ ಮಾಡುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ಬೇಜಾರಾದರೂ ಬಿಡಲಿಲ್ಲ. ಕಾಯಿದೆ ಬೇಡಿದಷ್ಟು ಕಾಲ ದುಡಿದು, ಅವರ ಸಹಿಯ ಪ್ರಮಾಣಪತ್ರ ಹಿಡಿದು ಪರೀಕ್ಷೆಗೆ ಕುಳಿತಳು. ಬರೆಯುವುದು ಸರಾಗವಾಯಿತು. ಹಲಗೆಯ ಮೇಲೆ ವಾಯರಿಂಗ್ ಮಾಡುವುದೂ ಆಯಿತು. ಉಳಿದದ್ದು ಬಾಯಿ ಪರೀಕ್ಷೆ. ಸಾಹೇಬರು ಅವಳ ಮರಾಠಿಯ ಧಾಟಿ ಕೇಳಿ ನಕ್ಕು ಕನ್ನಡಕ್ಕೇ ಹೊರಳಿದರು. ಅವರೂ ಅಕ್ಕಲಕೋಟದ ಕಡೆಯವರು.

"ಒಬ್ಬರ ಮನಿಗೆ ಗೀಜರ್ ರಿಪೇರಿಗೆ ಹೋಗೀರಿ. ಮೊದಲು ಏನು ಮಾಡ್ತೀರಿ?"

ಗಾಬರಿಯಲ್ಲಿ ಸಾರಿಕಾಳ ಬಾಯಿಂದ ಬಂತು: "ಚಹಾ ಬ್ಯಾಡ ಅಂತೀನ್ರಿ."

ಸಾಹೇಬರ ಪೆನ್ನು ನಿಂತಿತು. "ಏನಂದ್ರಿ?"

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. "ನಮ್ಮ ಕಡೆ ಹೋದ ಕೂಡ್ಲೇ ಚಹಾ ತರ್ತಾರ್ರಿ. ನಾವು ಕುಡ್ಯೂದ್ರಾಗ ಮನಿಯವರು ಯಾರರೆ ಹೋಗಿ, ಈಗರೆ ಚಾಲೂ ಆಗ್ತದೇನು ನೋಡೂಣು ಅಂತ ಸ್ವಿಚ್ ಹಾಕ್ತಾರ. ಅದಕ್ಕ ಮೊದಲು ಮೇನ್ ಬಂದ್ ಮಾಡಿ, ಫ್ಯೂಸ್ ಕಿತ್ತು ನನ್ನ ಪರ್ಸಿನ್ಯಾಗ ಇಟ್ಕೋತೀನಿ. ಚಹಾ ಆಮ್ಯಾಲ."

"ಫ್ಯೂಸ್ ಪರ್ಸಿನ್ಯಾಗ ಇಡ್ರಿ ಅಂತ ಯಾವ ಪುಸ್ತಕದಾಗ ಅದ?"

"ಪುಸ್ತಕದಾಗ ಇಲ್ರಿ. ಬೋರಾಮಣಿ ಊರಾಗ ಒಬ್ಬ ಅಜ್ಜ ಹಂಗ ಎರಡು ಸಲ ಸ್ವಿಚ್ ಹಾಕ್ಯಾನ."

ಸಾಹೇಬರು ಬಿದ್ದುಬಿದ್ದು ನಕ್ಕರು. ಆಮೇಲೆ ಅರ್ಧ ತಾಸು ಬಿಡದೆ ಕೇಳಿದರು. ಅರ್ಥಿಂಗ್ ಇದೆಯೋ ಇಲ್ಲವೋ ಹೇಗೆ ತಿಳಿಯುವುದು, ಗೀಜರಿಗೆ ಎಷ್ಟು ದಪ್ಪದ ವಾಯರು, ಥರ್ಮೋಸ್ಟ್ಯಾಟ್ ಕೆಟ್ಟರೆ ಏನಾಗುತ್ತದೆ ಎಂದೆಲ್ಲ. ಅವಳು ಒಂದನ್ನೂ ಬಿಡಲಿಲ್ಲ.

ಪರ್ಮಿಟ್ ಬಂದ ವಾರದಲ್ಲಿ ಯೋಗಿರಾಜ ಯಾತ್ರಿ ನಿವಾಸದ ಮೂವತ್ತೆರಡೂ ಗೀಜರ್‌ಗಳ ವರ್ಷದ ಕೆಲಸವನ್ನು ಅವಳಿಗೇ ಒಪ್ಪಿಸಿದ. ನಗುತ್ತ ಬಂದು ಹೂವಿನ ಹಾರವನ್ನೂ ಹಾಕಿದ. ಸಾರಿಕಾ ಒಂದೊಂದೇ ಕೋಣೆಗೆ ಹೋಗಿ ಪರೀಕ್ಷಿಸಿ, ಮಧ್ಯಾಹ್ನದೊಳಗೆ ಅರ್ಥಿಂಗ್ ಇಲ್ಲದ ಹನ್ನೊಂದು ಕೋಣೆಗಳ ಗೀಜರ್ ಬಂದ್ ಮಾಡಿಸಿ ಚೀಟಿ ಅಂಟಿಸಿದಳು.

"ವೈನಿ, ನಾಳೆ ಗುರುವಾರ, ದರ್ಶನಕ್ಕ ಮಂದಿ ತುಂಬ್ತಾರ! ಜನಾ ತಣ್ಣೀರು ಹಾಕ್ಕೋಬೇಕೇನು?"

"ಹಾಕ್ಕೊಳ್ಳಲಿ."

"ಪರ್ಮಿಟ್ ಇಲ್ಲದಾಗ ಎಷ್ಟು ಚಲೋ ಇದ್ರಿ ನೀವು!"

ಸಾರಿಕಾ ನಗುತ್ತ ಹಾರ ತೆಗೆದು ಅವನ ಮೇಜಿನ ಮೇಲಿಟ್ಟಳು. ಮರುದಿನ ನಿವಾಸದ ಹಿಂದೆ ಅರ್ಥಿಂಗಿಗೆ ಆಳೆತ್ತರ ಕುಣಿ ತೋಡಿಸಿ, ತಾಮ್ರದ ತಗಡು ಇಳಿಸಿ, ಉಪ್ಪು ಇದ್ದಿಲು ತುಂಬಿಸುವಾಗ ಸಿದ್ದಣ್ಣ ಕುರ್ಚಿ ಹಾಕಿಕೊಂಡು ಕುಳಿತು ನೋಡಿದರು. ಶನಿವಾರ ಸಂಜೆಗೆ ಹನ್ನೊಂದೂ ಕೋಣೆಗಳಿಗೆ ಅರ್ಥಿಂಗ್ ಎಳೆದು, ಚೀಟಿ ಹರಿದು, ಅವಳು ಆರೂವರೆಯ ಬಸ್ಸು ಹಿಡಿದಳು.