ಯಾರ ಮನೆಯದೂ ಅಲ್ಲದ ಊಟ

ಮಗಳಿಗೆ ಗ್ರಾಮ ಆಡಳಿತಾಧಿಕಾರಿ ಕೆಲಸ ಸಿಕ್ಕಿದೆ ಎಂದು ಗೊತ್ತಾದ ದಿನ ಅವಳೂ ಅವಳಪ್ಪನೂ ಮನೆಯಲ್ಲಿ ಕುಣಿದಾಡಿದರು. ನಾನು ಕುರ್ಚಿಯಲ್ಲಿ ಕೂತು, ಇನ್ನು ಇದಕ್ಕೊಂದು ಊಟ ಹಾಕಿಸಬೇಕಲ್ಲ ಎಂದು ತಲೆ ಕೆಡಿಸಿಕೊಂಡಿದ್ದೆ. ಖರ್ಚಿನ ಚಿಂತೆಯಲ್ಲ. ಯಾರನ್ನು ಕರೆದರೆ ಯಾರು ಬರುವುದಿಲ್ಲ ಎಂಬ ಚಿಂತೆ. ಖುಷಿಯ ಸುದ್ದಿ ಬಂದಾಗಲೂ ಮೊದಲು ಸುಸ್ತು ಮಾಡಿಕೊಳ್ಳುವ ಸ್ವಭಾವ ನನ್ನದು, ಏನು ಮಾಡಲಿ. ಚಿತ್ರದುರ್ಗದಿಂದ ಹಿರಿಯೂರಿಗೆ ದಿನಾ ಬಸ್ಸಿನಲ್ಲಿ ಹೋಗಿ, ಆಸ್ಪತ್ರೆಯ ಔಷಧಿ ಕೊಡುವ ಕಿಟಕಿಯ ಹಿಂದೆ ಸಂಜೆಯವರೆಗೂ ನಿಂತು, ಮತ್ತೆ ಬಸ್ಸಿನಲ್ಲಿ ತೂಕಡಿಸುತ್ತಾ ಬರುವವಳಿಗೆ ಕುಣಿಯಲು ಕಾಲು ಬರುವುದಿಲ್ಲ.

ಚಿಂತೆಯ ಮೂಲ ಇಬ್ಬರು ಮುದುಕಿಯರು. ಒಬ್ಬಳು ಹೊಸದುರ್ಗದಲ್ಲಿ ನನ್ನ ತಮ್ಮನ ಜೊತೆ ಇರುವ ಅವ್ವ. ಇನ್ನೊಬ್ಬಳು ಹೊಳಲ್ಕೆರೆಯಲ್ಲಿ ತನ್ನ ಮಗನ ಜೊತೆ ಇರುವ ಚಿಕ್ಕವ್ವ, ಅವ್ವನ ಒಬ್ಬಳೇ ತಂಗಿ. ನನ್ನ ಮಗಳೆಂದರೆ ಇಬ್ಬರಿಗೂ ಪ್ರಾಣ. ಅವರಿಬ್ಬರು ಮಾತ್ರ ಐದಾರು ವರ್ಷದಿಂದ ಮುಖ ಕೊಟ್ಟು ಮಾತಾಡಿರಲಿಲ್ಲ.

ಜಗಳ ಹುಟ್ಟಿದ್ದು ನಮ್ಮಜ್ಜಿಯ ತಿಥಿಯ ದಿನ. ಅಜ್ಜಿ ಹಾಸಿಗೆ ಹಿಡಿದು ಮಲಗಿದ್ದು ಅವ್ವನ ಮನೆಯಲ್ಲಿ, ಅವಳ ಹೇಲು ಉಚ್ಚೆ ಬಳಿದದ್ದು ಅವ್ವ. ಚಿಕ್ಕವ್ವ ಆಗೊಮ್ಮೆ ಈಗೊಮ್ಮೆ ಬಂದು ಹಣ್ಣು ಕೊಟ್ಟು ಹೋಗುತ್ತಿದ್ದಳು. ತಿಥಿಯ ಪಂಕ್ತಿಯಲ್ಲಿ ಅವ್ವ ಅನ್ನ ಬಡಿಸುತ್ತಾ ಬಂದವಳು ತಂಗಿಯ ಎಲೆಯ ಮುಂದೆ ನಿಂತು, ಇಡೀ ಸಾಲಿಗೆ ಕೇಳುವ ಹಾಗೆ, "ಬದುಕಿದ್ದಾಗ ಒಂದು ಲೋಟ ನೀರು ಕೊಡಾಕೆ ಬರ್ಲಿಲ್ಲ, ಈಗ ಎಲೆ ಮುಂದೆ ಹೆಂಗೆ ಕುಂತವ್ಳೆ ನೋಡು" ಅಂದುಬಿಟ್ಟಳು. ಚಿಕ್ಕವ್ವ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದಳು. ಕೈ ತೊಳೆದಳು. "ನಿನ್ನ ಮನೆ ನೀರೂ ಇನ್ನು ಮುಟ್ಟಲ್ಲ" ಎಂದು ಹೇಳಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ನಮ್ಮವರಲ್ಲಿ ಹೀಗೆ ಎಲೆ ಬಿಟ್ಟು ಎದ್ದವರ ಜಗಳ ಬಾಯಿಮಾತಿನಿಂದ ಬಗೆಹರಿಯುವುದಿಲ್ಲ. ತಪ್ಪಾಯಿತು ಎಂದು ಫೋನು ಮಾಡಿದರೂ ಆಗದು, ಹಿರಿಯರನ್ನು ಕೂರಿಸಿ ಹೇಳಿಸಿದರೂ ಆಗದು. ಅಂದು ಯಾರು ಬಡಿಸುತ್ತಿದ್ದರೋ ಅವರೇ ತಮ್ಮ ಕೈಯಾರೆ ಮತ್ತೆ ಬಡಿಸಬೇಕು, ಎದ್ದು ಹೋದವರು ಅದನ್ನು ಉಣ್ಣಬೇಕು. ಅಷ್ಟಾದರೆ ಮುಗಿಯಿತು, ಆಮೇಲೆ ಯಾರೂ ಹಳೆಯ ಮಾತು ಎತ್ತುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಒಟ್ಟಿಗೆ ಕೂತು ಉಂಡರೆ ಸಾಕು, ಯಾರು ಬಡಿಸಿದರೇನು ಎಂದುಕೊಂಡಿದ್ದೆ. ಹಳೆಯ ಕಾಲದವರ ಕಟ್ಟುಪಾಡನ್ನು ನಮಗೆ ಬೇಕಾದಷ್ಟೇ ಕತ್ತರಿಸಿಕೊಳ್ಳಬಹುದು ಎಂಬ ಭ್ರಮೆ ನನ್ನ ವಯಸ್ಸಿನವರಿಗೆಲ್ಲ ಇದೆ.

ದುರ್ಗದಲ್ಲಿರುವ ನನಗೆ ಎರಡೂ ಊರು ಬಸ್ಸಿನ ದಾರಿಯಾದ್ದರಿಂದ, ಇವರಿಬ್ಬರ ನಡುವೆ ಓಡಾಡುವ ಕೆಲಸ ನನ್ನ ಪಾಲಿಗೇ ಬಿತ್ತು. ಇಲ್ಲಿನ ಹುಣಸೆಹಣ್ಣು ಅಲ್ಲಿಗೆ, ಅಲ್ಲಿನ ಮಾತು ಇಲ್ಲಿಗೆ. ಮಾತನ್ನು ಇದ್ದ ಹಾಗೆ ಒಯ್ಯುವಂತಿಲ್ಲ, ಖಾರ ತೆಗೆದು ಒಯ್ಯಬೇಕು. ಅದರಲ್ಲೇ ನಾನು ಅರ್ಧ ಮುದುಕಿಯಾದೆ.

ಹೋದ ವರ್ಷ ಅವ್ವನ ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದರು. ಅಂದು ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅವಳು ನನ್ನ ಕೈ ಹಿಡಿದುಕೊಂಡು ಹೇಳಿದಳು. "ನಾನು ಹೋಗೋದ್ರೊಳಗೆ ಅವಳು ನನ್ನ ಕೈಯಾಗೆ ಒಂದ್ಸಲ ಉಂಡು ಹೋಗ್ಲಿ ಕಣೆ. ಇಲ್ಲಾಂದ್ರೆ ನಾನು ಸತ್ತಾಗ ಬಂದು ಎಲೆ ಮುಂದೆ ಕುಂತ್ಕಳಾಕೂ ಅವಳಿಗೆ ಮುಖ ಇರಲ್ಲ. ಹಸ್ಕಂಡು ವಾಪಸ್ ಹೋಗ್ತಾಳೆ." ಅವಳ ಚಿಂತೆ ತನ್ನ ಸಾವಿನದಾಗಿರಲಿಲ್ಲ, ಆ ದಿನ ತಂಗಿ ಹಸಿದು ಹೋಗುವುದರದಾಗಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ಮರುಗುವವಳು ಅಂದು ನಾಲಿಗೆ ಬಿಗಿ ಹಿಡಿದಿದ್ದರೆ ಆಗುತ್ತಿರಲಿಲ್ಲವೇ.

ಮಗಳ ಕೆಲಸದ ನೆಪ ಸಿಕ್ಕಿತಲ್ಲ, ಈ ಸಲ ಇಬ್ಬರನ್ನೂ ಒಂದೇ ಕಡೆ ಕೂರಿಸಿಬಿಡೋಣ ಎಂದುಕೊಂಡೆ. ಆದರೆ ಎಲ್ಲಿ? ಹೊಸದುರ್ಗಕ್ಕೆ ಚಿಕ್ಕವ್ವ ಬರುವುದಿಲ್ಲ. ಹೊಳಲ್ಕೆರೆಗೆ ಕರೆಯದೆ ಅವ್ವ ಹೋಗುವುದಿಲ್ಲ. ನನ್ನ ಮನೆಗೆ ಬಾ ಅಂದರೆ ಚಿಕ್ಕವ್ವ, "ಮಗಳ ಮನೆ ಆದ್ರೇನು, ಅದೂ ನಿಮ್ಮವ್ವನ ಮನೇನೇ" ಎನ್ನುತ್ತಾಳೆ. ಹೆದ್ದಾರಿಯ ಪಕ್ಕ ಊರಾಚೆ ಹೊಸದಾಗಿ ಒಂದು ದೊಡ್ಡ ಹೋಟೆಲು ತೆರೆದಿದ್ದರು. ಶುದ್ಧ ಸಸ್ಯಾಹಾರಿ, ಗಾಜಿನ ಗೋಡೆ, ಬಾಗಿಲಲ್ಲಿ ನೀರು ಚಿಮ್ಮುವ ಕೊಳ. ಅದು ಯಾರ ಮನೆಯೂ ಅಲ್ಲ ಎಂದು ನನಗೆ ಹೊಳೆದಾಗ ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಅಡುಗೆ ಮಾಡುವ ಕೆಲಸವೂ ತಪ್ಪಿತು ಎಂಬ ಸಮಾಧಾನವೂ ಅದರಲ್ಲಿ ಸೇರಿತ್ತು, ಸುಳ್ಳು ಯಾಕೆ ಹೇಳಲಿ.

ಅವ್ವ ತಕ್ಷಣ ಒಪ್ಪಿದಳು. ಚಿಕ್ಕವ್ವ ಮಾತ್ರ ಫೋನಿನಲ್ಲಿ, "ಮೊಮ್ಮಗಳ ಊಟ ಅಂತ ಬರ್ತೀನಿ. ನಿಮ್ಮವ್ವ ಬರೋದು ಬಿಡೋದು ಅವರಿಷ್ಟ" ಎಂದಳು. ಜಗಳವಾದ ಮೇಲೆ ಅವಳು ಒಂದು ಸಲವೂ ಅಕ್ಕ ಎಂದಿರಲಿಲ್ಲ, ಯಾವಾಗಲೂ ನಿಮ್ಮವ್ವ. ನನ್ನ ಗಂಡ, ನಿಮ್ಮ ಹೆಂಗಸರ ಪಂಚಾಯ್ತಿಗೆ ನಾನು ಬರಲ್ಲ ಎಂದು ಜಾಣತನದಿಂದ ಜಾರಿಕೊಂಡರು.

ಶನಿವಾರ ಸಂಜೆ ಹಿರಿಯೂರಿನ ಬಸ್ಸಿಳಿದವಳು ಊದಿದ ಕಾಲಿಗೆ ಒಂದು ತಂಬಿಗೆ ನೀರು ಸುರಿದುಕೊಂಡು ಸೀರೆ ಬದಲಿಸಿ ಹೊರಟೆ. ಅವ್ವ ಬೆಳಿಗ್ಗೆಯೇ ನಮ್ಮ ಮನೆಗೆ ಬಂದು ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಮಗಳು ಬಸ್ ಸ್ಟ್ಯಾಂಡಿಗೆ ಹೋಗಿ ಚಿಕ್ಕವ್ವನನ್ನು ಆಟೋದಲ್ಲಿ ನೇರ ಹೋಟೆಲಿಗೆ ಕರೆತಂದಳು. ಬಾಗಿಲಲ್ಲಿ ಅಕ್ಕ ತಂಗಿ ಎದುರುಬದುರಾದರು. ಇಬ್ಬರ ಕೂದಲೂ ಪೂರ್ತಿ ಬೆಳ್ಳಗಾಗಿದ್ದನ್ನು ಇಬ್ಬರೂ ಆಗಲೇ ನೋಡಿದರೆಂದು ಕಾಣುತ್ತದೆ. ಅವ್ವ ಮೊಮ್ಮಗಳ ಕಡೆ ತಿರುಗಿ, "ನಿಮ್ಮ ಚಿಕ್ಕಜ್ಜಿ ಸೊರಗಿ ಹೋಗವ್ಳಲ್ಲ" ಅಂದಳು. ಚಿಕ್ಕವ್ವನೂ ಮೊಮ್ಮಗಳಿಗೇ, "ಶುಗರ್ ಐತೆ ಅಂತ ಹೇಳು" ಅಂದಳು. ಅಷ್ಟು ಮಾತು ನಡೆದದ್ದೇ ದೊಡ್ಡದೆಂದು ನಾನು ಉಸಿರು ಬಿಟ್ಟೆ.

ಒಳಗೆ ಚಳಿ. ದೀಪಗಳನ್ನು ಬೇಕೆಂದೇ ಮಂದ ಮಾಡಿದ್ದರು. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, "ಕರೆಂಟ್ ಹೋಗೈತಾ?" ಎಂದು ಕೇಳಿದಳು. ಇಲ್ಲಜ್ಜಿ, ಇಲ್ಲಿ ಹಿಂಗೇ ಇರೋದು ಎಂದಳು ಮಗಳು. "ಊಟದಾಗೆ ಕೂದಲಿದ್ರೂ ಕಾಣಬಾರದು ಅಂತ ಇರ್ಬೇಕು" ಎಂದಳು ಚಿಕ್ಕವ್ವ, ಯಾರ ಕಡೆಗೂ ನೋಡದೆ. ಅವ್ವನಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಏನೇನು ಸಿಗುತ್ತದೆ ಎಂದು ತಿಳಿಯಲು ಮೇಜಿನ ಮೇಲಿದ್ದ ಕ್ಯೂಆರ್ ಕೋಡಿನ ಚೌಕಕ್ಕೆ ಫೋನು ಹಿಡಿಯಬೇಕಿತ್ತು. ಮಗಳು ಓದಿ ಹೇಳಿದಳು. ಮುದುಕಿಯರಿಗೆ ಪಲಾವು ಗಿಲಾವು ಸೇರುವುದಿಲ್ಲವೆಂದು ಅವರಲ್ಲಿದ್ದ ಹಳ್ಳಿ ಊಟವನ್ನೇ ಹೇಳಿದೆವು. ಹೇಳಿ ಎಷ್ಟು ಹೊತ್ತಾದರೂ ಒಂದು ಹಪ್ಪಳದ ತಟ್ಟೆ ಬಿಟ್ಟರೆ ಏನೂ ಬರಲಿಲ್ಲ. ಅವ್ವ ಊಟಕ್ಕೆ ಮುಂಚಿನ ಮಾತ್ರೆ ನುಂಗಿ ಕೂತಿದ್ದಳು, ಮುಖ ಬಾಡತೊಡಗಿತ್ತು. ಚಿಕ್ಕವ್ವ ಅದನ್ನು ಗಮನಿಸಿರಬೇಕು. ತನ್ನ ಮುಂದಿದ್ದ ಹಪ್ಪಳದ ತಟ್ಟೆಯನ್ನು ಮೆಲ್ಲಗೆ ಅವ್ವನ ಕಡೆ ತಳ್ಳಿದಳು. ಅವ್ವ ಒಂದು ಚೂರು ಮುರಿದುಕೊಂಡಳು.

ಕೊನೆಗೆ ಊಟ ಬಂತು. ನಿಂಬೆಹಣ್ಣಿನ ಗಾತ್ರದ ರಾಗಿ ಮುದ್ದೆಗಳು ಸಣ್ಣ ತಾಮ್ರದ ಬಟ್ಟಲಲ್ಲಿ. ಚಿಕ್ಕವ್ವ ಒಂದನ್ನು ಎತ್ತಿ ನೋಡಿ, "ಇದನ್ನ ಯಾರಿಗ್ ಮಾಡವ್ರೆ, ತೊಟ್ಟಿಲ ಮಗೀಗಾ?" ಎಂದು ಕೇಳಿದಳು. ಸಾರಿಗೆ ಸಕ್ಕರೆ ಹಾಕಿದ್ದರು. ಮುದ್ದೆ ಹಲ್ಲಿಗೆ ಅಂಟುತ್ತಿತ್ತು. ಇದಕ್ಕಿಂತ ಆಸ್ಪತ್ರೆಯ ಕ್ಯಾಂಟೀನೇ ವಾಸಿ ಎನ್ನಿಸಿ ನನಗೆ ಉರಿಯಿತು. ಆಮೇಲೆ ಮುಚ್ಚಳವಿದ್ದ ದೊಡ್ಡ ಬಟ್ಟಲಲ್ಲಿ ಬಿಳಿ ಅನ್ನ ತಂದು ಮೇಜಿನ ನಡುವೆ ಇಟ್ಟರು.

ಅವ್ವ ಎದ್ದು ನಿಂತಳು. ಆ ಮೆತ್ತನೆಯ ಸೋಫಾದಿಂದ ಅವಳು ಏಳುವುದೇ ಒಂದು ಕಷ್ಟ, ಮೇಜು ಹಿಡಿದುಕೊಂಡೇ ಎದ್ದಳು. ಮುಚ್ಚಳ ತೆಗೆದು, ಸೌಟು ತೆಗೆದುಕೊಂಡು, ಅನ್ನ ತುಂಬಿಕೊಂಡು ಚಿಕ್ಕವ್ವನ ಕಡೆ ಬಾಗಿದಳು. ಚಿಕ್ಕವ್ವನ ಕೈ ತಟ್ಟೆಯ ಅಂಚಿನ ಮೇಲಿತ್ತು. ತಟ್ಟೆ ಸ್ವಲ್ಪ ಮುಂದಕ್ಕೆ ಸರಿಯಿತು. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಬಡಿಸುವವನು ಓಡಿ ಬಂದು, "ಮೇಡಂ, ಪ್ಲೀಸ್, ನೀವು ಕೂತ್ಕೊಳ್ಳಿ, ನಾವು ಸರ್ವ್ ಮಾಡ್ತೀವಿ" ಎಂದು ಬಹಳ ವಿನಯದಿಂದ ಅವ್ವನ ಕೈಯಿಂದ ಸೌಟು ಬಿಡಿಸಿಕೊಂಡ. ಅವ್ವ ನನ್ನನ್ನು ನೋಡಿದಳು. ನಾನು ಬಳಲಿದ್ದೆ, ಹಸಿದಿದ್ದೆ, ಸುತ್ತಲಿನವರು ತಿರುಗಿ ನೋಡುತ್ತಿದ್ದಾರೆಂಬ ಮುಜುಗರ ಬೇರೆ. "ಕುಂತ್ಕಳವ್ವ, ಅವರು ಬಡಿಸ್ತಾರೆ. ಅದಕ್ಕೇ ಅಲ್ವಾ ಇಲ್ಲಿಗೆ ಬಂದಿರೋದು" ಅಂದೆ.

ಅವ್ವ ಕೂತಳು. ಅವನು ಕೈಗವಸು ಹಾಕಿದ ಕೈಯಿಂದ ಎಲ್ಲರಿಗೂ ಒಂದೇ ಅಳತೆಯ ಅನ್ನ ಬಡಿಸಿದ. ಚಿಕ್ಕವ್ವ ತನ್ನ ಪಾಲನ್ನು ಒಂದಗುಳೂ ಬಿಡದೆ ತಲೆ ತಗ್ಗಿಸಿ ಉಂಡಳು. ಆಮೇಲೆ ಅವಳ ಬಾಯಿಂದ ಒಂದು ತಮಾಷೆಯೂ ಬರಲಿಲ್ಲ. ಕೊನೆಯಲ್ಲಿ ಹೋಟೆಲಿನ ನಾಲ್ಕು ಜನ ಸಾಲಾಗಿ ಬಂದು ಮಗಳ ಮುಂದೆ ಐಸ್‌ಕ್ರೀಮಿನ ತಟ್ಟೆ ಇಟ್ಟು ಚಪ್ಪಾಳೆ ತಟ್ಟಿದರು. ಮಗಳು ನಾಚಿಕೊಂಡಳು. ಹೊರಡುವಾಗ ಬಾಗಿಲಲ್ಲಿ ನಿಂತವನು ಊಟ ಹೇಗಿತ್ತು ಎಂದು ಚಿಕ್ಕವ್ವನನ್ನು ಕೇಳಿದ. "ಅನ್ನ ತಣ್ಣಗಿತ್ತಪ್ಪ" ಎಂದಳು.

ಮಗಳು ಅವ್ವನನ್ನು ಮನೆಗೆ ಕರೆದುಕೊಂಡು ಹೋದಳು. ನಾನು ಚಿಕ್ಕವ್ವನ ಜೊತೆ ಬಸ್ ಸ್ಟ್ಯಾಂಡಿಗೆ ಬಂದೆ. ಹೊಳಲ್ಕೆರೆಯ ಬಸ್ಸು ನಿಂತಿತ್ತು, ಡ್ರೈವರು ಬಂದಿರಲಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಅವಳನ್ನು ಕೂರಿಸಿ, ಅಂತೂ ಇಬ್ಬರೂ ಒಂದೇ ಮೇಜಿನಲ್ಲಿ ಉಂಡ್ರಲ್ಲ ಚಿಕ್ಕವ್ವ, ನನಗೆ ಸಾಕು ಅಂದೆ. ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿದಳು.

"ನಾನು ಉಂಡಿದ್ದು ಹೋಟ್ಲಾಗೆ ಕಣವ್ವ. ಬಡಿಸಿದ್ದು ಯಾರೋ. ಅಕ್ಕ ಸೌಟು ಹಿಡ್ಕಂಡಾಗ ನೀನೊಂದು ಗಳಿಗೆ ಸುಮ್ನಿದ್ದಿದ್ರೆ ಆಗ್ತಿತ್ತು."

ಜಗಳವಾದ ಮೇಲೆ ಅವಳ ಬಾಯಲ್ಲಿ ಅಕ್ಕ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಹೋಗಲಿ ಬಿಡು, ಬರುವ ವಾರವೇ ಹೊಸದುರ್ಗಕ್ಕೆ ಬಾ, ಅವ್ವ ಬಡಿಸ್ತಾಳೆ, ನಾನೇ ಬಂದು ಕರ್ಕೊಂಡು ಹೋಗ್ತೀನಿ ಎಂದು ಅವಸರದಿಂದ ಹೇಳಿದೆ.

"ಇಲ್ಲ ತಾಯಿ. ಅಷ್ಟು ಜನದ ಮುಂದೆ ಎಬ್ಬಿಸಿದೋಳ ಮುಂದೆ ತಟ್ಟೆ ಒಡ್ಡಾಕೆ ನಾನು ಇಷ್ಟು ವರ್ಷ ಮನಸ್ಸು ಗಟ್ಟಿ ಮಾಡ್ಕಂಡಿದ್ದೆ. ಒಡ್ಡಿದೆ. ಇನ್ನೊಂದ್ಸಲ ಒಡ್ಡಾಕೆ ನನ್ ಕೈಲಾಗಲ್ಲ. ನಿಮ್ಮವ್ವಗೆ ಹೇಳು." ಡ್ರೈವರು ಬಂದ. ನಾನು ಇಳಿದೆ.

ಆಟೋ ಸಿಗದೆ ಸ್ವಲ್ಪ ದೂರ ನಡೆದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಅದಕ್ಕಿಂತ ಹೆಚ್ಚಾಗಿ ದಣಿವಾಯಿತು. ಇಷ್ಟು ವರ್ಷ ಇಬ್ಬರ ಮಾತಿನ ಖಾರ ತೆಗೆದು ಒಯ್ದವಳು ನಾನು. ಈ ಮಾತಿನಲ್ಲಿ ಖಾರವೇ ಇರಲಿಲ್ಲ, ತೆಗೆಯುವುದಕ್ಕೆ ಏನೂ ಇರಲಿಲ್ಲ.

ಮನೆಗೆ ಬಂದರೆ ಅವ್ವ ಮಂಚದ ಮೇಲೆ ಕೂತು ನನಗೇ ಕಾಯುತ್ತಿದ್ದಳು. ಅಷ್ಟು ಹೊಳೆಯುವ ಮುಖ ನಾನು ಆಸ್ಪತ್ರೆಯ ದಿನದಿಂದ ಈಚೆಗೆ ನೋಡಿರಲಿಲ್ಲ.

"ನೋಡಿದ್ಯೇನೇ? ತಟ್ಟೆ ಮುಂದಕ್ಕೆ ತಂದ್ಲು. ಅವನ್ಯಾವನೋ ಬಂದು ಸೌಟು ಕಸ್ಕಂಡ, ಹೋಗ್ಲಿ ಬಿಡು. ಅವಳಿಗೆ ಮನಸ್ಸು ಬಂದೈತಲ್ಲ, ಅಷ್ಟು ಗೊತ್ತಾತು. ಬರೋ ಭಾನುವಾರ ಹೊಸದುರ್ಗಕ್ಕೆ ಬರಾಕೆ ಹೇಳು. ಹೋಳಿಗೆ ಮಾಡ್ತೀನಿ. ಶುಗರ್ ಐತಂತೆ, ಅವಳಿಗೆ ಬೆಲ್ಲ ಕಮ್ಮಿ ಹಾಕ್ತೀನಿ."

ಹೇಳ್ತೀನವ್ವ ಅಂದೆ.

ಅದಾದ ಮೇಲೆ ಎಷ್ಟೋ ಭಾನುವಾರಗಳು ಹೋದವು. ಮಗಳು ಕೆಲಸಕ್ಕೆ ಸೇರಿಯೂ ಆಯಿತು. ಪ್ರತಿ ಶನಿವಾರ ನಾನು ಹಿರಿಯೂರಿನ ಬಸ್ಸಿನಲ್ಲಿರುವಾಗ ಅವ್ವನ ಫೋನು ಬರುತ್ತದೆ, ನಾಳೆ ಬರ್ತಾಳಂತಾ ಎಂದು. ಒಂದು ವಾರ ಚಿಕ್ಕವ್ವನಿಗೆ ಮಂಡಿನೋವು ಅಂದೆ, ಇನ್ನೊಂದು ವಾರ ಅವಳ ಮನೆಗೆ ನೆಂಟರು ಬಂದಿದ್ದಾರೆ ಅಂದೆ. ಇತ್ತ ಹೊಳಲ್ಕೆರೆಗೂ ಫೋನು ಮಾಡುತ್ತಲೇ ಇದ್ದೇನೆ. ಚಿಕ್ಕವ್ವ ಎಲ್ಲ ವಿಚಾರಿಸುತ್ತಾಳೆ, ಅವ್ವ ಮಾತ್ರೆ ಸರಿಯಾಗಿ ನುಂಗುತ್ತಾಳಾ ಎಂದೂ ಕೇಳುತ್ತಾಳೆ. ಬರುತ್ತೇನೆ ಎಂದು ಮಾತ್ರ ಹೇಳುವುದಿಲ್ಲ.

ಹೋದ ಶನಿವಾರ ನಾನು ಇನ್ನೂ ನೆಪ ಹುಡುಕುತ್ತಿದ್ದೆ. ಅವ್ವ ತಾನೇ ಕೇಳಿದಳು, "ಅವಳು ಬರಲ್ಲ ಅಂದ್ಲೇನೇ?"

ಬಸ್ಸಿನಲ್ಲಿ ಗದ್ದಲವಿತ್ತು. ಹಾಗೇನಿಲ್ಲವ್ವ, ಹಾಗಂತ ಅವಳು ಹೇಳಿಲ್ಲ ಎಂದೆ.

"ಹಂಗಾದ್ರೆ ನಾಳೆ ಹೋಳಿಗೆಗೆ ಬೇಳೆ ಇಡ್ತೀನಿ" ಎಂದು ಅವ್ವ ಫೋನಿಟ್ಟಳು.