ಹೊಸ್ತಿಲಿಗೆ ಸುರಿದ ಬಿಸಿನೀರು

ಅಮೆರಿಕದಲ್ಲಿ ನಮ್ಮೂರು ರಾಚೆಸ್ಟರ್ ಹಿಲ್ಸ್‌ನ ಅರ್ಧ ಕನ್ನಡ ಹೆಂಗಸರಿಗೆ ಸ್ನೋನಲ್ಲಿ ಡ್ರೈವ್ ಮಾಡೋದು ಕಲಿಸಿದವಳು ನಾನೇ. ಜಂಬ ಅಂದ್ಕೊಳ್ಳಿ, ಪರವಾಗಿಲ್ಲ. "ಬ್ರೇಕ್ ಮೇಲೆ ಹತ್ತಿ ಕೂತ್ಕೋಬೇಡಿ, ಮುಂದಿನ ಕಾರಿಂದ ದೂರ ಇರಿ, ಜಾರಿದ್ರೆ ಸ್ಟೀರಿಂಗ್ ಎಳೆದಾಡಬೇಡಿ" ಅಂತ ಪಕ್ಕದ ಸೀಟಲ್ಲಿ ಕೂತು ಒದರುತ್ತಿದ್ದೆ. ತಪ್ಪು ಮಾಡಿದರೆ ಬೈಗುಳ ಗ್ಯಾರಂಟಿ.

ಹಾಗೆ ಕಲಿತವರಲ್ಲಿ ಧಾರವಾಡದ ಹುಡುಗಿಯೊಬ್ಬಳಿದ್ದಳು. ನನ್ನನ್ನು ಬಾಯಿ ತುಂಬ ಅಕ್ಕಾ ಅನ್ನುತ್ತಿದ್ದಳು. ರಿಸೆಷನ್ ಕಾಲ. ಅವಳದೂ ಗಂಡನದೂ ಒಂದೇ ತಿಂಗಳಲ್ಲಿ ಕೆಲಸ ಹೋಗಿತ್ತು. ಗಂಡ ಕೆಲಸ ಹುಡುಕ್ಕೊಂಡು ದೂರದ ಶಾಮ್‌ಬರ್ಗ್‌ನಲ್ಲಿ ಗೆಳೆಯನ ಮನೆ ಸೇರಿದ್ದ. ಎಲ್ಲೆಲ್ಲೋ ಅಪ್ಲೈ ಮಾಡಿ ಅವಳಿಗೆ ಸಿಕ್ಕಿದ್ದು ಒಂದೇ ಇಂಟರ್‌ವ್ಯೂ, ಪಕ್ಕದೂರು ಟ್ರಾಯ್‌ನಲ್ಲಿ, ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ. ಅದೂ ಕೈಕೊಟ್ಟರೆ ವೀಸಾ ಉಳಿಯಲ್ಲ, ಗಂಟುಮೂಟೆ ಕಟ್ಟೋದೇ.

ನಮ್ಮನೆ ದಾರಿಯಲ್ಲೇ ಇತ್ತು, ತಿಂಡಿ ತಿಂದು ಹೋಗು ಅಂದಿದ್ದೆ. ನಾನು ಕಲಿಸಿದ ಹಾಗೆ ಕಾರಿನ ಮೇಲಿನ ಸ್ನೋ ಎಲ್ಲ ಗುಡಿಸಿ ಏಳೂವರೆಗೇ ಬಂದಳು. ಮೈನಸ್ ಹನ್ನೊಂದು ಡಿಗ್ರಿ ಚಳಿ. ಬಾಗಿಲಿಂದ ರಸ್ತೆಗೆ ಇಳಿಯೋ ನಮ್ಮ ಇಳಿಜಾರಿನ ಡ್ರೈವ್‌ವೇಯಲ್ಲಿ ಸ್ನೋ ಎತ್ತಿ ಹಾಕಿ ಚೊಕ್ಕ ಮಾಡಿಟ್ಟಿದ್ದೆ. ಅವಳು ಉಪ್ಪಿಟ್ಟು ತಿನ್ನುತ್ತಿದ್ದಾಗ ನನಗೆ ತಲೆಗೆ ಬಂತು: ಶುಕ್ರವಾರ, ಒಳ್ಳೆ ಕೆಲಸಕ್ಕೆ ಹೊರಟಿದ್ದಾಳೆ, ಹೊಸ್ತಿಲಿಗೆ ನೀರು ಹಾಕದೆ, ರಂಗೋಲಿ ಇಲ್ಲದೆ ಕಳಿಸೋದಾ? ಚಳಿಗಾಲದಲ್ಲಿ ಎಂದೂ ಮಾಡದವಳು ಅವತ್ತು ಒಂದು ಬಕೆಟ್ ಬಿಸಿನೀರು ತಂದು ಬಾಗಿಲ ಮುಂದೆ ಸುರಿದೆ. ಬುಸ್ ಅಂತ ಹಬೆ ಎದ್ದಿತು. ಒಣಗಿಬಿಡುತ್ತೆ ಅಂದ್ಕೊಂಡೆ, ಮಹಾ ಬುದ್ಧಿವಂತೆ! ನಾಲ್ಕೆಳೆ ರಂಗೋಲಿ ಹಾಕಿ ಒಳಗೆ ಬಂದೆ.

ಅವಳು ದೇವರಿಗೆ ಕೈಮುಗಿದು, ನಾನು ಕೊಟ್ಟ ಮೊಸರು-ಸಕ್ಕರೆ ತಿಂದು ಹೊರಡೋ ಹೊತ್ತಿಗೆ ಅರ್ಧ ಗಂಟೆ ಆಗಿತ್ತು. ರಂಗೋಲಿ ತುಳಿಯಬಾರದು ಅಂತ ಬದಿಯ ಸ್ನೋ ಮೇಲೆ ಕಾಲಿಟ್ಟು ಹೋಗಿ ಕಾರು ಹತ್ತಿ, ಮೆಲ್ಲಗೆ ರಿವರ್ಸ್ ತೆಗೆದಳು. ಅರ್ಧ ಇಳಿದಿರಬೇಕು, ಕಾರು ಸರ್ರಂತ ತಿರುಗಿ, ಅಡ್ಡಡ್ಡ ಜಾರಿ, ಮೇಲ್‌ಬಾಕ್ಸ್ ಕಂಬ ಮುರಿದು, ಹಿಂದಿನ ಚಕ್ರ ರಸ್ತೆ ಪಕ್ಕದ ತಗ್ಗಿಗೆ ಇಳಿದು ನಿಂತಿತು. ಅವಳಿಗೇನೂ ಆಗಲಿಲ್ಲ, ಸದ್ಯ.

"ಎಷ್ಟು ಸಲ ಬಡ್ಕೊಂಡಿದೀನಿ, ಬ್ರೇಕ್ ಒತ್ತಬೇಡ ಅಂತ!" ಎಂದು ಕೂಗಿಕೊಂಡೇ ಓಡಿದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ನಾನೇ ಜಾರಿ ಕುಕ್ಕರಿಸಿದೆ. ಕೈಯಿಟ್ಟು ನೋಡಿದರೆ ಗಾಜಿನಂಥ ಐಸ್. ಬಾಗಿಲಿಂದ ಡ್ರೈವ್‌ವೇ ನಡುವಿನವರೆಗೂ ಹರಿದು ಹೆಪ್ಪುಗಟ್ಟಿತ್ತು, ನಾನು ಸುರಿದ ನೀರು.

ಹೇಳಬೇಕಿತ್ತು. ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಅವಳು ಅಳುತ್ತಾ ಇಳಿದು, "ತಪ್ಪಾತ್ರೀ ಅಕ್ಕಾ, ಅಂಜಿ ಬ್ರೇಕ್ ಒತ್ತಿಬಿಟ್ನಿ" ಅಂದಳು. ನಾನು ಬಾಯಿ ಮುಚ್ಚಿಕೊಂಡೆ.

ನಮ್ಮವರು ಆಗಲೇ ಆಫೀಸಿಗೆ ಹೋಗಿದ್ದರು. ಅವಳ ಕಾರು ಅಡ್ಡ ನಿಂತಿದ್ದರಿಂದ ನನ್ನ ಕಾರು ಗರಾಜಿಂದ ಹೊರಗೆ ಬರುವ ಹಾಗಿರಲಿಲ್ಲ. ಟ್ಯಾಕ್ಸಿಯವರೂ ಟೋ ಟ್ರಕ್‌ನವರೂ ಬರೋಷ್ಟರಲ್ಲಿ ಹತ್ತು ಗಂಟೆ ಆಗುತ್ತೆ ಅಂದರು. ಅವಳು ಒಳಗೆ ಫೋನಿನಲ್ಲಿ ಇಂಟರ್‌ವ್ಯೂನವರಿಗೆ "ಸಾರಿ, ಸಾರಿ" ಅನ್ನುತ್ತಿದ್ದಾಗ ನಾನು ಹೊರಗೆ ಐಸ್ ಮೇಲೆ ಉಪ್ಪು ಎರಚುತ್ತಿದ್ದೆ, ಅವಳ ಕಣ್ಣಿಗೆ ಬೀಳೋ ಮುಂಚೆ ಕರಗಲಿ ಅಂತ. ಥೂ, ನನ್ನ ಜನ್ಮಕ್ಕೆ!

ಇನ್ನೊಂದು ದಿನ ಕರೀತೀವಿ ಅಂದವರು ಕರೆಯಲೇ ಇಲ್ಲ. ಮಾರ್ಚ್‌ನಲ್ಲಿ ಗಂಡ-ಹೆಂಡತಿ ಇಬ್ಬರೂ ಧಾರವಾಡಕ್ಕೆ ವಾಪಸ್ ಹೊರಟರು. ಹೊರಡುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿ, ಮೇಲ್‌ಬಾಕ್ಸ್ ಮುರಿದಿದ್ದಕ್ಕೆ ಇನ್ನೊಮ್ಮೆ ಕ್ಷಮೆ ಕೇಳಿದಳು. "ಹೋಗ್ಲಿ ಬಿಡೇ" ಅಂದೆ, ದೊಡ್ಡ ಮನಸ್ಸಿನವಳ ಹಾಗೆ.

ಹೋದ ವರ್ಷ ಫೋನಿನಲ್ಲಿ ಸಿಕ್ಕಳು. ಮನೆಗೆ ಎರಡು ಕಾರು ಬಂದಿವೆಯಂತೆ. ನೀನು ಯಾವುದು ಓಡಿಸ್ತೀಯೇ ಅಂತ ಕೇಳಿದೆ.

"ಇಲ್ರೀ ಅಕ್ಕಾ, ಅವತ್ತಿಂದ ನಾ ಸ್ಟೀರಿಂಗ್ ಮುಟ್ಟಿಲ್ಲ. ನೀವು ಅಷ್ಟು ಚಲೋ ಕಲಿಸಿದ್ರೂ ನನಗ ಬರಲಿಲ್ಲ ನೋಡ್ರಿ."

ಈಗಲಾದರೂ ಹೇಳಿಬಿಡಬೇಕು ಅಂದ್ಕೊಂಡೆ.

"ಡ್ರೈವಿಂಗಿಗೆ ಧೈರ್ಯ ಬೇಕು ಕಣೇ" ಅಂದೆ.